ಪಾಳುಬಿದ್ದ ದ್ವೀಪದ ಆಸ್ಪತ್ರೆಯಲ್ಲಿ ರೋಗಾಣು ಇನ್ನೂ ಉಳಿದಿದೆಯೇ?

ಪ್ರಶ್ನೆ: ನಾವು ನ್ಯೂ ಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಅಪ್ಪ ಅಮ್ಮ ದಾವಣಗೆರೆಯಿಂದ ಬಂದಿದ್ದಾರೆ. ನ್ಯೂಯಾರ್ಕ್‌ನ ಲಗಾರ್ಡಿಯಾದಲ್ಲಿ ವಿಮಾನ ಇಳಿಯುವಾಗ ನೀರಿನ ನಡುವೆ ಮರಗಿಡಗಳಲ್ಲಿ ಮುಚ್ಚಿಹೋದ ಹಾಳು ಕಟ್ಟಡಗಳ ದ್ವೀಪವೊಂದು ಕಂಡಿತು. ಅದು ನಾರ್ತ್ ಬ್ರದರ್ ಐಲೆಂಡ್, ಹಿಂದೆ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಾಗಿತ್ತು ಎಂದು ಆಮೇಲೆ ತಿಳಿಯಿತು. ಯೂಟ್ಯೂಬ್ ವಿಡಿಯೋಗಳು ಹೇಳುವುದು ಹೀಗೆ: ಸಾವಿರಾರು ಜನರನ್ನು ಕೊಂದ ‘ಟೈಫಾಯ್ಡ್ ಮೇರಿ’ಯನ್ನು ಅಲ್ಲಿ ಸೆರೆಯಲ್ಲಿಟ್ಟಿದ್ದರು, ಅಲ್ಲಿಗೆ ಹೋದ ರೋಗಿ ಯಾರೂ ಜೀವಂತ ಮರಳಲಿಲ್ಲ, ಗೋಡೆಗಳಲ್ಲಿ ಈಗಲೂ ರೋಗಾಣುಗಳಿವೆ, ಅದಕ್ಕೇ ಸರ್ಕಾರ ಯಾರನ್ನೂ ಬಿಡುವುದಿಲ್ಲ. 19 ವರ್ಷದ ಮಗ ಗೆಳೆಯರ ಜೊತೆ ಕಯಾಕ್ ತೆಗೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಇದನ್ನೆಲ್ಲ ಕೇಳಿದ ಅಮ್ಮನಿಗೆ ಇನ್ನೊಂದು ಚಿಂತೆ. ಊರಿನ ಮನೆಗೆ ಅಡುಗೆಗೆ ಬರುವ ಅಕ್ಕನಿಗೆ ಎರಡು ತಿಂಗಳ ಹಿಂದೆ ಟೈಫಾಯ್ಡ್ ಆಗಿತ್ತು. ವಾಪಸ್ ಹೋದ ಮೇಲೆ ಆಕೆಯನ್ನು ಕೆಲಸಕ್ಕೆ ಕರೆಯಬಹುದೇ, ಬಿಡಿಸುವುದೇ ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಕಲಸಿಹೋಗಿವೆ. ಕಟ್ಟಡದಲ್ಲಿ ರೋಗ ಉಳಿದಿದೆಯೇ, ಮಗ ಅಲ್ಲಿಗೆ ಹೋದರೆ ಏನಾಗುತ್ತದೆ, ಊರಿನ ಅಡುಗೆಯವರಿಂದ ಅಪಾಯವಿದೆಯೇ. ಮೊದಲನೆಯದಕ್ಕೆ ಉತ್ತರ ‘ಇಲ್ಲ’. ಎರಡನೆಯದಕ್ಕೆ ‘ಹೋಗಬಾರದು, ಆದರೆ ಕಾರಣ ರೋಗಾಣು ಅಲ್ಲ’. ಮೂರನೆಯದಕ್ಕೆ ಪರೀಕ್ಷೆ ಇದೆ, ಅದನ್ನು ಮಾಡಿಸದೆ ತೀರ್ಮಾನಿಸಬೇಡಿ. ಮೂರನೆಯ ಉತ್ತರ ಯಾಕೆ ಹಾಗೆ ಎನ್ನುವುದು ಈ ಆಸ್ಪತ್ರೆಯ ಚರಿತ್ರೆಯಲ್ಲೇ ಇರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಸ್ಪತ್ರೆಯ ಹೆಸರು ರಿವರ್‌ಸೈಡ್. ಮೊದಲು ಅದು ಈ ದ್ವೀಪದಲ್ಲಿ ಇರಲಿಲ್ಲ. ಈಗ ರೂಸ್‌ವೆಲ್ಟ್ ಐಲೆಂಡ್ ಎನ್ನುವ ಜಾಗಕ್ಕೆ ಆಗ ಬ್ಲ್ಯಾಕ್‌ವೆಲ್ಸ್ ಐಲೆಂಡ್ ಎಂದು ಹೆಸರು. ಅಲ್ಲಿ 1856ರಲ್ಲಿ ಸಿಡುಬಿನ ಆಸ್ಪತ್ರೆಯೊಂದು ತೆರೆಯಿತು. ಮ್ಯಾನ್‌ಹ್ಯಾಟನ್‌ಗೆ ಅದು ತೀರಾ ಹತ್ತಿರ, ಜೊತೆಗೆ ದ್ವೀಪದ ತುಂಬ ಜೈಲು, ನಿರ್ಗತಿಕರ ಆಶ್ರಮ, ಹುಚ್ಚಾಸ್ಪತ್ರೆ. ಸಾಂಕ್ರಾಮಿಕ ರೋಗಿಗಳನ್ನು ಇನ್ನೂ ದೂರ ಸಾಗಿಸಬೇಕು ಎಂದು 1885ರ ಹೊತ್ತಿಗೆ ಬ್ರಾಂಕ್ಸ್‌ಗೂ ರೈಕರ್ಸ್ ಐಲೆಂಡ್‌ಗೂ ನಡುವೆ ಇರುವ ನಾರ್ತ್ ಬ್ರದರ್‌ಗೆ ಆಸ್ಪತ್ರೆಯನ್ನು ಒಯ್ದರು. ಇಡೀ ದ್ವೀಪ ಸುಮಾರು 20 ಎಕರೆ. ಅದಕ್ಕೆ ಮುಂಚೆ ಅಲ್ಲಿ ಇದ್ದದ್ದು 1869ರ ಒಂದು ದೀಪಸ್ತಂಭ.

ದ್ವೀಪವೇ ಯಾಕೆ ಬೇಕಿತ್ತು? ಕಾರಣ ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ನೆರೆಹೊರೆಯವರ ಸಿಟ್ಟು. ಸ್ಟೇಟನ್ ಐಲೆಂಡ್‌ನಲ್ಲಿ ಬಂದರಿನ ಕ್ವಾರಂಟೈನ್ ಆಸ್ಪತ್ರೆ ಇತ್ತು. ಹಳದಿ ಜ್ವರ ತಮ್ಮ ಊರಿಗೆ ಹರಡುವುದು ಅಲ್ಲಿಂದಲೇ ಎಂದು ನಂಬಿದ ಸ್ಥಳೀಯರು 1858ರ ಸೆಪ್ಟೆಂಬರ್ ಮೊದಲ ವಾರ ಗುಂಪು ಕಟ್ಟಿಕೊಂಡು ಹೋಗಿ, ಎರಡು ರಾತ್ರಿಗಳಲ್ಲಿ ಆಸ್ಪತ್ರೆಯನ್ನೇ ಸುಟ್ಟು ಹಾಕಿದರು. ಅದಾದ ಮೇಲೆ ಅಕ್ಕಪಕ್ಕದಲ್ಲಿ ಮನೆಗಳಿಲ್ಲದ ಜಾಗ ಹುಡುಕುವುದು ನಗರಾಡಳಿತಕ್ಕೆ ಅಭ್ಯಾಸವಾಯಿತು. ನಮ್ಮ ಕಡೆಯೂ 1898ರ ಪ್ಲೇಗಿನಲ್ಲಿ ಬೆಂಗಳೂರಿನ ಹೊರಗೆ ಶಿಬಿರಗಳಾಗಿದ್ದವು. ಆದರೆ ಬಯಲಿನ ಗುಡಿಸಲಿನಿಂದ ರಾತ್ರೋರಾತ್ರಿ ನಡೆದು ಮನೆಗೆ ಬರಬಹುದು. ದ್ವೀಪದಿಂದ ಬರಲು ದೋಣಿ ಬೇಕು, ದೋಣಿ ಆರೋಗ್ಯ ಇಲಾಖೆಯದು.

ರೋಗಿಯನ್ನು ಸಾಗಿಸುತ್ತಿದ್ದ ಕ್ರಮ ಹೀಗಿತ್ತು. ಮನೆಯಲ್ಲಿ ಸಿಡುಬೋ ಟೈಫಸ್ಸೋ (ಟೈಫಾಯ್ಡ್ ಅಲ್ಲ, ಬೇರೆಯೇ ಜ್ವರ) ಕಂಡರೆ ವೈದ್ಯರು ಇಲಾಖೆಗೆ ತಿಳಿಸಬೇಕು. ಇಲಾಖೆಯ ಬಂಡಿ ಬಂದು ರೋಗಿಯನ್ನು ಮ್ಯಾನ್‌ಹ್ಯಾಟನ್‌ನ ಪೂರ್ವ 16ನೇ ಬೀದಿಯ ಕೊನೆಯಲ್ಲಿದ್ದ ದಕ್ಕೆಗೆ ಒಯ್ಯುತ್ತಿತ್ತು. ಅಲ್ಲಿಂದ ಉಗಿದೋಣಿ. ಗಂಟಲಮಾರಿ ಮತ್ತು ಸ್ಕಾರ್ಲೆಟ್ ಜ್ವರದ ಮಕ್ಕಳಿಗೆ ಆ ದಕ್ಕೆಯ ಪಕ್ಕದಲ್ಲೇ ವಿಲಾರ್ಡ್ ಪಾರ್ಕರ್ ಆಸ್ಪತ್ರೆ ಇತ್ತು. ದ್ವೀಪಕ್ಕೆ ಹೋಗುತ್ತಿದ್ದವರು ಹೆಚ್ಚಾಗಿ ಬಡವರು, ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ವಠಾರದವರು. ಸ್ವಂತ ಕೋಣೆ, ದಾದಿ, ಮನೆಗೆ ಬರುವ ವೈದ್ಯರು ಇದ್ದವರಿಗೆ ಮನೆಯಲ್ಲೇ ಪ್ರತ್ಯೇಕವಾಗಿರಲು ಅನುಮತಿ ಸಿಗುತ್ತಿತ್ತು. ಇದು ಎಲ್ಲರ ಕಣ್ಣಿಗೂ ಕಾಣುತ್ತಿದ್ದ ಭೇದ. ಪರಿಣಾಮವೂ ಕಂಡಿತು. ದ್ವೀಪದ ಹೆಸರು ಕೇಳಿದರೆ ಜನ ಜ್ವರದ ಮಗುವನ್ನು ಹಾಸಿಗೆ ಬಟ್ಟೆಯಡಿ, ಪಕ್ಕದ ಮನೆಯಲ್ಲಿ, ಮಹಡಿಯ ಮೇಲೆ ಅಡಗಿಸತೊಡಗಿದರು. ರೋಗ ಹರಡದಿರಲಿ ಎಂದು ಮಾಡಿದ ವ್ಯವಸ್ಥೆ ರೋಗವನ್ನು ಬಚ್ಚಿಡುವಂತೆ ಮಾಡಿತು. ರಿವರ್‌ಸೈಡ್‌ನ ಇಡೀ ಚರಿತ್ರೆಯಲ್ಲಿ ಮತ್ತೆ ಮತ್ತೆ ಆದ ತಪ್ಪು ಇದೇ.

1892ರ ಟೈಫಸ್ ಪ್ರಕರಣವನ್ನೇ ನೋಡಿ. ಜನವರಿ ಕೊನೆಯಲ್ಲಿ ಮಸಿಲಿಯಾ ಎಂಬ ಹಡಗು ರಷ್ಯಾದಿಂದ ಓಡಿಬಂದ ಯಹೂದಿ ವಲಸಿಗರನ್ನೂ ಇಟಲಿಯವರನ್ನೂ ಹೊತ್ತು ನ್ಯೂಯಾರ್ಕ್‌ಗೆ ಬಂತು. ಕೆಲವೇ ದಿನಗಳಲ್ಲಿ ಲೋಯರ್ ಈಸ್ಟ್ ಸೈಡ್‌ನ ವಸತಿಗಳಲ್ಲಿ ಟೈಫಸ್ ಕಾಣಿಸಿಕೊಂಡಿತು. ಆರೋಗ್ಯ ಇಲಾಖೆಯವರು ಮನೆಮನೆ ಹುಡುಕಿ ಸುಮಾರು 1,200 ಜನರನ್ನು ನಾರ್ತ್ ಬ್ರದರ್‌ಗೆ ಸಾಗಿಸಿದರು. ಅವರಲ್ಲಿ ರೋಗಿಗಳು ಕಡಿಮೆ, ರೋಗಿಗಳ ಸಂಪರ್ಕಕ್ಕೆ ಬಂದವರೇ ಹೆಚ್ಚು. ಕಟ್ಟಡಗಳು ಸಾಲದೆ ಫೆಬ್ರುವರಿಯ ಚಳಿಯಲ್ಲಿ ಡೇರೆ ಹಾಕಿದರು. ಟೈಫಸ್ ಹರಡುವುದು ಬಟ್ಟೆಯ ಹೇನಿನಿಂದ ಎಂದು ಗೊತ್ತಾದದ್ದು 1909ರಲ್ಲಿ, ಟ್ಯುನಿಸ್‌ನಲ್ಲಿ ಶಾರ್ಲ್ ನಿಕೋಲ್ ಅವರ ಪ್ರಯೋಗಗಳಿಂದ. ಹೇನಿನ ಪಾತ್ರ ಗೊತ್ತಿಲ್ಲದೆ ನೂರಾರು ಜನರನ್ನು ಒತ್ತೊತ್ತಾಗಿ ಇಟ್ಟರೆ ಏನಾಗಬೇಕೋ ಅದೇ ಆಗುತ್ತದೆ: ಆರೋಗ್ಯವಾಗಿ ಹೋದವರಿಗೆ ಅಲ್ಲೇ ರೋಗ ತಗಲುವ ಸಾಧ್ಯತೆ ಹೆಚ್ಚುತ್ತದೆ. ನಗರದ ಒಳಗೆ ಟೈಫಸ್ ದೊಡ್ಡದಾಗಿ ಹರಡಲಿಲ್ಲ ಎನ್ನುವುದೂ ನಿಜ. ಅದರ ಬೆಲೆ ತೆತ್ತವರು ಯಾರು ಎನ್ನುವುದು ಬೇರೆ ಮಾತು.

‘ಹೋದವರು ಯಾರೂ ಮರಳಲಿಲ್ಲ’ ಎನ್ನುವುದು ಮಾತ್ರ ಕಟ್ಟುಕಥೆ. ಸಿಡುಬಿನಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಏಳು ಜನ ಬದುಕುತ್ತಿದ್ದರು, ಹಿಂದೆ ಲಸಿಕೆ ಹಾಕಿಸಿಕೊಂಡವರಲ್ಲಿ ಇನ್ನೂ ಹೆಚ್ಚು. ಗುಣವಾದವರನ್ನು ಕಳಿಸುತ್ತಿದ್ದರು. ದೀರ್ಘಕಾಲ ಇರಬೇಕಾಗುತ್ತಿದ್ದದ್ದು ಕ್ಷಯರೋಗಿಗಳು. 1900ರ ದಶಕದ ಆರಂಭದಿಂದ, ಚಿಕಿತ್ಸೆಗೆ ಒಪ್ಪದ ಬಡ ಕ್ಷಯರೋಗಿಗಳನ್ನು ಬಲವಂತವಾಗಿ ಇಡುವ ಅಧಿಕಾರವನ್ನು ಇಲಾಖೆ ಬಳಸಿದ್ದು ಇದೇ ಆಸ್ಪತ್ರೆಯಲ್ಲಿ. ಅವರಿಗೆ ಕೊಡಲು ಔಷಧ ಇರಲಿಲ್ಲ. ಗಾಳಿ, ಊಟ, ವಿಶ್ರಾಂತಿ, ಅಷ್ಟೇ.

ದ್ವೀಪದಲ್ಲಿ ಒಂದೇ ದಿನ ಅತಿ ಹೆಚ್ಚು ಸಾವು ಕಂಡದ್ದು ರೋಗದಿಂದ ಅಲ್ಲ, ಬೆಂಕಿಯಿಂದ. 1904ರ ಜೂನ್ 15ರಂದು ಜನರಲ್ ಸ್ಲೋಕಮ್ ಎಂಬ ವಿಹಾರದ ಉಗಿಹಡಗು ಚರ್ಚೊಂದರ ಹೆಂಗಸರು ಮಕ್ಕಳನ್ನು ಹೊತ್ತು ಹೋಗುವಾಗ ಬೆಂಕಿ ಹತ್ತಿಕೊಂಡು, ಈ ದ್ವೀಪದ ದಡಕ್ಕೆ ಬಂದು ನಿಂತಿತು. 1,021 ಜನ ಸತ್ತರು. ಜೀವರಕ್ಷಕ ಜಾಕೆಟ್‌ಗಳ ಬೆಂಡು ಪುಡಿಯಾಗಿತ್ತು, ಬೆಂಕಿ ಆರಿಸುವ ಪೈಪುಗಳು ಕೊಳೆತಿದ್ದವು. ಆಸ್ಪತ್ರೆಯ ದಾದಿಯರು, ಕೆಲಸಗಾರರು, ಚೇತರಿಸಿಕೊಳ್ಳುತ್ತಿದ್ದ ರೋಗಿಗಳು ಸಹ ನೀರಿಗಿಳಿದು ಕೈಗೆ ಸಿಕ್ಕವರನ್ನು ಎಳೆದು ದಡ ಸೇರಿಸಿದರು. ನಿಮ್ಮ ವಿಡಿಯೋಗಳಲ್ಲಿ ಬರುವ ‘ದಡದ ತುಂಬ ಹೆಣಗಳು’ ಎನ್ನುವ ಮಾತಿನ ಮೂಲ ಇದು. ಅದಕ್ಕೂ ಸಾಂಕ್ರಾಮಿಕಕ್ಕೂ ಸಂಬಂಧವಿಲ್ಲ.

ಈಗ ಮೇರಿ ಮ್ಯಾಲನ್ ವಿಷಯ. ಆಕೆ 1869ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ನ್ಯೂಯಾರ್ಕ್‌ನ ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು. 1906ರ ಬೇಸಿಗೆಯಲ್ಲಿ ಲಾಂಗ್ ಐಲೆಂಡ್‌ನ ಆಯ್‌ಸ್ಟರ್ ಬೇಯಲ್ಲಿ ಬಾಡಿಗೆ ಮನೆಯಲ್ಲಿದ್ದ 11 ಜನರಲ್ಲಿ ಆರು ಜನರಿಗೆ ಟೈಫಾಯ್ಡ್ ಆಯಿತು. ಮನೆಯ ಮಾಲೀಕರು ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಎಂಜಿನಿಯರನ್ನು ಕರೆಸಿದರು. ಅವರು ಬಾವಿ, ಕಕ್ಕಸು, ಹಾಲು, ಚಿಪ್ಪುಮೀನು ಎಲ್ಲ ಪರೀಕ್ಷಿಸಿ, ಕೊನೆಗೆ ಜ್ವರ ಬರುವ ಕೆಲವು ವಾರ ಮುಂಚೆ ಹೊಸ ಅಡುಗೆಯವಳು ಬಂದದ್ದನ್ನು ಹಿಡಿದರು. ಆಕೆ ಹಿಂದೆ ಕೆಲಸ ಮಾಡಿದ ಮನೆಗಳನ್ನು ಹುಡುಕಿದರೆ ಎಂಟರಲ್ಲಿ ಏಳು ಮನೆಗಳಲ್ಲಿ ಟೈಫಾಯ್ಡ್ ಆಗಿತ್ತು. ಬೆಂಕಿಯ ಮೇಲೆ ಬೆಂದ ಅಡುಗೆಯಲ್ಲಿ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಹಾಗಾದರೆ ಹರಡಿದ್ದು ಹೇಗೆ ಎಂಬ ಪ್ರಶ್ನೆಗೆ ಸೋಪರ್ ಕಂಡ ಉತ್ತರ ಹಸಿ ಪೀಚ್ ಹಣ್ಣು ಹೆಚ್ಚಿ ಹಾಕಿದ ಐಸ್‌ಕ್ರೀಂ. ಕೈಯಿಂದ ಹೆಚ್ಚಿದ್ದು, ಬೇಯಿಸದ್ದು, ತಣ್ಣಗಿನದು. ಇದನ್ನು ನೆನಪಿಡಿ, ದಾವಣಗೆರೆಯ ಅಡುಗೆಮನೆಗೆ ಬೇಕಾಗುತ್ತದೆ.

1907ರ ಮಾರ್ಚ್‌ನಲ್ಲಿ ಆರೋಗ್ಯ ಇಲಾಖೆಯ ಡಾ. ಜೋಸೆಫೀನ್ ಬೇಕರ್ ಪೊಲೀಸರ ಸಮೇತ ಹೋಗಿ, ಗಂಟೆಗಟ್ಟಲೆ ಹುಡುಕಿ ಆಕೆಯನ್ನು ಕರೆತಂದರು. ಮೊದಲು ವಿಲಾರ್ಡ್ ಪಾರ್ಕರ್, ಆಮೇಲೆ ನಾರ್ತ್ ಬ್ರದರ್. ವಿಡಿಯೋಗಳು ತೋರಿಸುವ ಕತ್ತಲ ಕೋಣೆ ಕಲ್ಪನೆ. ಆಕೆಗೆ ಕೊಟ್ಟದ್ದು ಮೊದಲು ದಾದಿಯರ ಮೇಲ್ವಿಚಾರಕಿಗಾಗಿ ಕಟ್ಟಿದ್ದ ಪುಟ್ಟ ಬಂಗಲೆ, ಅದರಲ್ಲಿ ಅಡುಗೆಮನೆ, ಸ್ನಾನದ ಮನೆ ಇದ್ದವು. ಆದರೆ ಬಿಡುಗಡೆಯ ದಿನಾಂಕ ಇಲ್ಲದ ಮನೆ ಯಾವ ರೀತಿಯದಾದರೂ ಸೆರೆಯೇ. ಮಲದ ಪರೀಕ್ಷೆಗಳಲ್ಲಿ 163 ಸ್ಯಾಂಪಲ್‌ಗಳ ಪೈಕಿ 120ರಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಸಿಕ್ಕಿತು, 43ರಲ್ಲಿ ಸಿಗಲಿಲ್ಲ. ಆಕೆ ಬೇರೆ ಖಾಸಗಿ ಲ್ಯಾಬ್‌ಗೆ ಕಳಿಸಿದ ಸ್ಯಾಂಪಲ್‌ಗಳು ನೆಗೆಟಿವ್ ಬಂದವು. 1909ರಲ್ಲಿ ಅದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋದರೂ ಸೋತಳು. ಎರಡು ಲ್ಯಾಬ್‌ಗಳ ಫಲಿತಾಂಶ ಬೇರೆ ಬಂದರೆ ಯಾರೋ ಒಬ್ಬರು ಸುಳ್ಳು ಹೇಳಿರಬೇಕು ಎಂದೇನಿಲ್ಲ. ಪಿತ್ತಕೋಶದಲ್ಲಿ ಅಡಗಿರುವ ಬ್ಯಾಕ್ಟೀರಿಯಾ ಪಿತ್ತರಸದ ಜೊತೆ ಬಿಟ್ಟು ಬಿಟ್ಟು ಹೊರಬರುತ್ತದೆ. ಒಂದು ವಾರ ಇರುತ್ತದೆ, ಇನ್ನೊಂದು ವಾರ ಇರುವುದಿಲ್ಲ.

ಯೂರೋಟ್ರೋಪಿನ್, ಭೇದಿ ಔಷಧ, ಬ್ರೂವರಿಯ ಈಸ್ಟ್ ಹೀಗೆ ಏನೇನೋ ಕೊಟ್ಟು ನೋಡಿದರು, ಒಂದೂ ಫಲ ಕೊಡಲಿಲ್ಲ. ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಸೂಚಿಸಿದರು, ಆಕೆ ಒಪ್ಪಲಿಲ್ಲ. ಆ ಕಾಲದಲ್ಲಿ ಅದು ಜೀವಕ್ಕೇ ಅಪಾಯ, ಗುಣವಾಗುವ ಖಾತ್ರಿಯೂ ಇಲ್ಲ, ಹಾಗಾಗಿ ಆಕೆಯ ನಿರಾಕರಣೆಯಲ್ಲಿ ಅರ್ಥವಿತ್ತು. 1910ರಲ್ಲಿ ಇಲಾಖೆಯ ಹೊಸ ಆಯುಕ್ತರು ಅಡುಗೆ ಕೆಲಸ ಮಾಡುವುದಿಲ್ಲ ಎಂಬ ಒಪ್ಪಂದದ ಮೇಲೆ ಬಿಟ್ಟರು. ಬದಲಿಗೆ ಸಿಕ್ಕ ಬಟ್ಟೆ ಒಗೆಯುವ ಕೆಲಸದಲ್ಲಿ ಅಡುಗೆಯ ಸಂಬಳದ ಅರ್ಧವೂ ಬರುತ್ತಿರಲಿಲ್ಲ. ಆಕೆ ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಗೆ ಹೋದಳು. 1915ರಲ್ಲಿ ಸ್ಲೋನ್ ಹೆರಿಗೆ ಆಸ್ಪತ್ರೆಯಲ್ಲಿ 25 ಜನರಿಗೆ ಟೈಫಾಯ್ಡ್ ಆಗಿ ಇಬ್ಬರು ಸತ್ತಾಗ ಅಡುಗೆಮನೆಯ ‘ಮಿಸೆಸ್ ಬ್ರೌನ್’ ಆಕೆಯೇ ಎಂದು ಪತ್ತೆಯಾಯಿತು. ಮತ್ತೆ ದ್ವೀಪ. 1938ರ ನವೆಂಬರ್ 11ರಂದು ಸಾಯುವ ತನಕ ಅಲ್ಲೇ ಇದ್ದಳು, ನಡುವೆ ಕೆಲವು ವರ್ಷ ಆಸ್ಪತ್ರೆಯ ಲ್ಯಾಬ್‌ನಲ್ಲಿ ಸಹಾಯಕಿಯಾಗಿದ್ದಳು. ಎರಡೂ ಸಲ ಸೇರಿ ಸುಮಾರು 26 ವರ್ಷ.

ಸಾವಿರಾರು ಸಾವು? ಆಕೆಯಿಂದ ಬಂದದ್ದೆಂದು ದಾಖಲೆ ಹೇಳುವುದು ಐವತ್ತರ ಆಸುಪಾಸು ಪ್ರಕರಣ, ಮೂರು ಸಾವು. ಪತ್ತೆಯಾಗದವು ಇನ್ನೂ ಕೆಲವು ಇದ್ದಿರಬಹುದು, ಸಾವಿರಕ್ಕೆ ಏರಿಸಲು ಆಧಾರವಿಲ್ಲ. ಆಕೆ ಸಾಯುವ ಹೊತ್ತಿಗೆ ನ್ಯೂಯಾರ್ಕ್ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಇಂಥ ವಾಹಕರು, ಅಂದರೆ ತಾವು ಆರೋಗ್ಯವಾಗಿದ್ದೂ ರೋಗಾಣು ಹೊರಹಾಕುವವರು, ನಾನೂರಕ್ಕೂ ಹೆಚ್ಚು ಇದ್ದರು. ಅವರಲ್ಲಿ ಆಕೆಗಿಂತ ಹೆಚ್ಚು ಜನರಿಗೆ ರೋಗ ಹರಡಿದವರೂ ಇದ್ದರು. ಯಾರನ್ನೂ ಹೀಗೆ ಜೀವನಪೂರ್ತಿ ಕೂಡಿಹಾಕಲಿಲ್ಲ. ಒಬ್ಬಂಟಿ, ವಲಸೆ ಬಂದ ಕೆಲಸದ ಹೆಂಗಸು, ಅಧಿಕಾರಿಗಳ ಮುಂದೆ ತಗ್ಗದವಳು ಎನ್ನುವುದು ಬ್ಯಾಕ್ಟೀರಿಯಾದಷ್ಟೇ ಕೆಲಸ ಮಾಡಿತು ಎನ್ನುವುದು ನನ್ನ ಅಭಿಪ್ರಾಯ. ನ್ಯೂಯಾರ್ಕ್‌ನಲ್ಲಿ ಟೈಫಾಯ್ಡ್ ಇಳಿಸಿದ್ದು ಆಕೆಯ ಬಂಗಲೆ ಅಲ್ಲ. 1910ರ ದಶಕದಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಬಂತು, ಹಾಲು ಕಾಯಿಸಿ ಮಾರುವುದು ಕಡ್ಡಾಯವಾಯಿತು.

ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಾಗಿ ಅದು ಮುಚ್ಚಿದ್ದು ಕೆಲಸವಿಲ್ಲದೆ. ಸಿಡುಬಿಗೆ ಲಸಿಕೆ ಎಲ್ಲೆಡೆ ಹರಡಿತು, ಗಂಟಲಮಾರಿಗೆ 1890ರ ದಶಕದಲ್ಲೇ ಆಂಟಿಟಾಕ್ಸಿನ್ ಬಂದಿತ್ತು. 1940ರ ದಶಕದ ಆರಂಭದಲ್ಲಿ ನಗರ ಇಲ್ಲಿ ದೊಡ್ಡ ಕ್ಷಯರೋಗ ಕಟ್ಟಡವೊಂದನ್ನು ಕಟ್ಟಿತು. ಈಗಲೂ ನೆಟ್ಟಗೆ ನಿಂತಿರುವ ಆ ನಾಲ್ಕು ಅಂತಸ್ತಿನ ಕಟ್ಟಡ ನಿಮಗೆ ವಿಮಾನದಿಂದ ಕಂಡಿರಬಹುದು. ಆದರೆ 1943ರಲ್ಲಿ, ನಿಮ್ಮ ಮನೆಗೆ ಹತ್ತು ಮೈಲಿಯೂ ಇಲ್ಲದ ನ್ಯೂ ಬ್ರನ್ಸ್‌ವಿಕ್‌ನ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಕ್ಷಯಕ್ಕೆ ಔಷಧವಾದ ಸ್ಟ್ರೆಪ್ಟೊಮೈಸಿನ್ ಪತ್ತೆಯಾಯಿತು. ಗಾಳಿ ಬೆಳಕಿಗಾಗಿ ದ್ವೀಪಕ್ಕೆ ಸಾಗಿಸುವ ಚಿಕಿತ್ಸೆಯ ಕಾಲ ಮುಗಿಯುತ್ತ ಬಂದಿತ್ತು. ಯುದ್ಧ ಮುಗಿದ ಮೇಲೆ 1951ರ ತನಕ, ಓದಲು ಬಂದ ಮಾಜಿ ಸೈನಿಕರ ಸಂಸಾರಗಳು ಅಲ್ಲಿ ಬಾಡಿಗೆಗೆ ಇದ್ದವು. 1952ರಿಂದ ಹೆರಾಯಿನ್ ಚಟಕ್ಕೆ ಬಿದ್ದ ಹದಿಹರೆಯದವರ ಆಸ್ಪತ್ರೆ. ಮತ್ತೆ ಅದೇ ದಾರಿ: ದೂರ ಸಾಗಿಸಿ ಬಾಗಿಲು ಹಾಕುವುದು. ಮನೆಗೆ ಮರಳಿದವರಲ್ಲಿ ಬಹುತೇಕ ಎಲ್ಲರೂ ಮತ್ತೆ ಚಟಕ್ಕೆ ಬಿದ್ದದ್ದನ್ನು ಕೊಲಂಬಿಯಾ ವಿಶ್ವವಿದ್ಯಾಲಯದವರು ಬೆನ್ನು ಹಿಡಿದು ನೋಡಿ ವರದಿ ಮಾಡಿದರು. ದೋಣಿ, ನೀರು, ವಿದ್ಯುತ್ತು, ಸಿಬ್ಬಂದಿ ಎಲ್ಲದರ ಖರ್ಚೂ ಮೈಮೇಲೆ ಬಂದು 1963ರಲ್ಲಿ ಬೀಗ ಬಿತ್ತು.

ಇನ್ನು ಗೋಡೆಯಲ್ಲಿ ರೋಗಾಣು. ಸಾಂಕ್ರಾಮಿಕ ರೋಗಿಗಳು ಅಲ್ಲಿಂದ ಹೋಗಿ ಎಂಬತ್ತು ವರ್ಷ ದಾಟಿದೆ. ಟೈಫಾಯ್ಡ್ ಬ್ಯಾಕ್ಟೀರಿಯಾ ದೇಹದ ಹೊರಗೆ ಉಳಿಯುವುದು ವಾರಗಳ ಲೆಕ್ಕದಲ್ಲಿ. ಕ್ಷಯದ್ದು ಬಿಸಿಲಿಗೆ ಬೇಗ ಸಾಯುತ್ತದೆ, ಕತ್ತಲಿನ ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿದೀತು. ಒಣಗಿದ ಹೇನಿನ ಹಿಕ್ಕೆಯಲ್ಲಿ ಟೈಫಸ್ ರೋಗಾಣು ಸುಮಾರು ನೂರು ದಿನ. ಇವುಗಳಲ್ಲಿ ಗಟ್ಟಿಯಾದದ್ದು ಸಿಡುಬಿನ ವೈರಸ್. ಸಿಡುಬಿನ ಹಕ್ಕಳೆಯನ್ನು ಲಕೋಟೆಯಲ್ಲಿ ಹಾಕಿ ಕೋಣೆಯಲ್ಲಿಟ್ಟ ಡಚ್ ಪ್ರಯೋಗದಲ್ಲಿ 13 ವರ್ಷ ಜೀವಂತವಾಗಿತ್ತು. ಅದು ಮುಚ್ಚಿದ ಕೋಣೆಯ ಒಣ ಲಕೋಟೆ. ಚಾವಣಿ ಬಿದ್ದು ಮಳೆ, ಹಿಮ, ಬಿಸಿಲು ಒಳಗೇ ಸುರಿಯುವ ಕಟ್ಟಡದಲ್ಲಿ ಎಂಬತ್ತು ವರ್ಷದ ಮಾತು ಬಿಡಿ. 1980ರಲ್ಲಿ ಸಿಡುಬು ನಿರ್ಮೂಲವಾಯಿತೆಂದು ಘೋಷಿಸಿದ ಮೇಲೆ ಹಳೆಯ ಆಸ್ಪತ್ರೆಯ ಗೋಡೆಯಿಂದ ಯಾರಿಗೂ ಸಿಡುಬು ಬಂದದ್ದಿಲ್ಲ.

ಹಾಗಾದರೆ ಯಾಕೆ ಬಿಡುವುದಿಲ್ಲ? ದ್ವೀಪ ಈಗ ನಗರದ ಉದ್ಯಾನ ಇಲಾಖೆಯ ವಶದಲ್ಲಿರುವ ಪಕ್ಷಿಧಾಮ. ಬಕ ಜಾತಿಯ ಹಕ್ಕಿಗಳು ಗೂಡು ಕಟ್ಟುವ ಜಾಗ ಎಂದು ಕಾಯ್ದಿರಿಸಿದ್ದಾರೆ. ಸಂಶೋಧನೆಗೆ ಹೋಗುವವರಿಗೂ ಅನುಮತಿ ಬೇಕು, ಗೂಡಿನ ಕಾಲದಲ್ಲಿ ಅದೂ ಸಿಗುವುದಿಲ್ಲ. ಉಳಿದದ್ದು ಕಟ್ಟಡಗಳ ಸ್ಥಿತಿ. ಮಹಡಿಯ ಹಲಗೆಗಳು ನೋಡಲು ಗಟ್ಟಿಯಾಗಿದ್ದು ಕೆಳಗೆ ಪೊಳ್ಳಾಗಿರುತ್ತವೆ. ಕಬ್ಬಿಣದ ಮುಚ್ಚಳ ಹೋದ ಮ್ಯಾನ್‌ಹೋಲ್‌ಗಳ ಮೇಲೆ ಕುಡ್ಜು ಬಳ್ಳಿ ಹಾಸಿಕೊಂಡು ನೆಲದಂತೆಯೇ ಕಾಣುತ್ತದೆ. ಆ ಕಾಲದ ಬಾಯ್ಲರ್ ಪೈಪುಗಳಿಗೆ ಸುತ್ತುತ್ತಿದ್ದದ್ದು ಕಲ್ನಾರು, ಬಣ್ಣದಲ್ಲಿ ಸೀಸ. ಹಕ್ಕಿ ಹಿಕ್ಕೆಯ ರಾಶಿ ಕೆದಕಿದರೆ ಏಳುವ ಧೂಳಿನಲ್ಲಿ ಶ್ವಾಸಕೋಶಕ್ಕೆ ಹೋಗುವ ಶಿಲೀಂಧ್ರ ಇರಬಹುದು. ಸೋಂಕಿನ ಅಪಾಯ ಎಂದು ಹುಡುಕುವುದಾದರೆ ಅಲ್ಲಿ ಹುಡುಕಬೇಕು, ಮೇರಿಯ ಬಂಗಲೆಯಲ್ಲಲ್ಲ.

ಮಗನಿಗೆ ಮುಖ್ಯವಾಗಿ ಹೇಳಬೇಕಾದದ್ದು ನೀರಿನ ವಿಷಯ. ದ್ವೀಪದ ಸುತ್ತಲಿನ ಈಸ್ಟ್ ರಿವರ್ ಹೆಸರಿಗೆ ನದಿ, ನಿಜದಲ್ಲಿ ಸಮುದ್ರದ ಭರತ ಇಳಿತಕ್ಕೆ ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುವ ಜಲಸಂಧಿ. ದ್ವೀಪಕ್ಕೆ ಪಶ್ಚಿಮದಲ್ಲಿರುವ ಹೆಲ್ ಗೇಟ್‌ನಲ್ಲಿ ಸೆಳವು ಗಂಟೆಗೆ ಎಂಟು ಕಿಲೋಮೀಟರ್ ಮೀರುತ್ತದೆ. ಸಾಧಾರಣ ಕಯಾಕ್ ಓಡಿಸುವವರ ವೇಗ ಅದಕ್ಕಿಂತ ಕಡಿಮೆ. ಪಕ್ಕದಲ್ಲೇ ರೈಕರ್ಸ್ ಜೈಲು ಇರುವುದರಿಂದ ಕಾವಲು ಬಿಗಿ. ಜೋರು ಮಳೆ ಬಂದರೆ ನಗರದ ಒಳಚರಂಡಿ ಉಕ್ಕಿ ನೇರ ಈ ನೀರಿಗೆ ಬರುತ್ತದೆ. ಮುಳುಗಿ ನಾಲ್ಕು ಗುಟುಕು ಕುಡಿದರೆ ವಾಂತಿಭೇದಿಯ ರೋಗಾಣು ಬರುವುದು ಅಲ್ಲಿಂದ, ಗೋಡೆಯಿಂದಲ್ಲ.

ನೋಡಲೇಬೇಕು ಎಂದಿದ್ದರೆ ಕಾನೂನಿನ ದಾರಿಗಳಿವೆ. ಸೌಂಡ್‌ವ್ಯೂಗೆ ಹೋಗುವ ಎನ್‌ವೈಸಿ ಫೆರ್ರಿ ದ್ವೀಪದ ಹತ್ತಿರದಿಂದಲೇ ಹಾದುಹೋಗುತ್ತದೆ. ಬ್ರಾಂಕ್ಸ್‌ನ ಬರೆಟೊ ಪಾಯಿಂಟ್ ಪಾರ್ಕಿನ ದಡದಿಂದ ದುರ್ಬೀನು ಇದ್ದರೆ ಕಟ್ಟಡಗಳು ಚೆನ್ನಾಗಿ ಕಾಣುತ್ತವೆ. 1856ರ ಸಿಡುಬಿನ ಆಸ್ಪತ್ರೆಯ ಕಲ್ಲಿನ ಗೋಡೆಗಳು ರೂಸ್‌ವೆಲ್ಟ್ ಐಲೆಂಡ್‌ನ ದಕ್ಷಿಣ ತುದಿಯಲ್ಲಿ ಬೇಲಿಯೊಳಗೆ ನಿಂತಿವೆ, ಕೇಬಲ್ ಟ್ರಾಮ್‌ನಲ್ಲಿ ಹೋಗಬಹುದು, ಅಪ್ಪ ಅಮ್ಮನಿಗೂ ಅದು ಸುಲಭ. ಒಳಗೆ ನಡೆದು ನೋಡುವ ಆಸೆ ಇದ್ದರೆ ಎಲಿಸ್ ಐಲೆಂಡ್‌ನ ವಲಸಿಗರ ಆಸ್ಪತ್ರೆ. ಅಲ್ಲಿ ಹೆಲ್ಮೆಟ್ ಹಾಕಿಸಿ ಮಾರ್ಗದರ್ಶಕರ ಜೊತೆ ಸಾಂಕ್ರಾಮಿಕ ವಾರ್ಡು, ಹಾಸಿಗೆಗಳನ್ನು ಉಗಿಯಲ್ಲಿ ಶುದ್ಧ ಮಾಡುತ್ತಿದ್ದ ಯಂತ್ರ, ಶವಪರೀಕ್ಷೆಯ ಕೋಣೆ ಎಲ್ಲ ತೋರಿಸುತ್ತಾರೆ. ದೋಣಿ ಜೆರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕಿನಿಂದಲೇ ಹೊರಡುತ್ತದೆ. ಹದಿಹರೆಯದವರ ಕುತೂಹಲ ತೀರಿಸಲು ಇದಕ್ಕಿಂತ ಒಳ್ಳೆಯ ಜಾಗ ಆ ಊರಲ್ಲಿ ಇನ್ನೊಂದಿಲ್ಲ.

ಇನ್ನು ನಿಮ್ಮ ತಾಯಿಯವರ ಪ್ರಶ್ನೆ. ಮೊದಲು ಅಡುಗೆಯ ಅಕ್ಕನಿಗೆ ಆದದ್ದು ಟೈಫಾಯ್ಡೇ ಹೌದೇ ಎಂದು ನೋಡಿ. ನಮ್ಮಲ್ಲಿ ‘ಟೈಫಾಯ್ಡ್’ ಎಂದು ಬರುವ ಹೆಚ್ಚಿನವರ ಕೈಯಲ್ಲಿರುವುದು ವಿಡಾಲ್ ಎಂಬ ರಕ್ತಪರೀಕ್ಷೆಯ ಒಂದೇ ಒಂದು ರಿಪೋರ್ಟ್. ಟೈಫಾಯ್ಡ್ ಸಾಮಾನ್ಯವಾಗಿರುವ ಊರಿನಲ್ಲಿ ಆರೋಗ್ಯವಂತರಿಗೂ ವಿಡಾಲ್ ಪಾಸಿಟಿವ್ ಬರುತ್ತದೆ, ಬೇರೆ ಜ್ವರದಲ್ಲೂ ಬರುತ್ತದೆ. ರಕ್ತದ ಕಲ್ಚರ್‌ನಲ್ಲಿ, ಅಂದರೆ ಸ್ಯಾಂಪಲ್‌ನಲ್ಲಿರುವ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬ್ಯಾಕ್ಟೀರಿಯಾ ಬೆಳೆದಿದ್ದರೆ ಮಾತ್ರ ಖಚಿತ. ವಾಹಕರೇ ಎಂದು ತಿಳಿಯಲು ವಿಡಾಲ್ ಏನೇನೂ ಸಾಲದು.

ಖಚಿತ ಟೈಫಾಯ್ಡೇ ಆಗಿದ್ದರೂ ಗುಣವಾದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ರೋಗಾಣು ಹೊರಹಾಕುವುದನ್ನು ನಿಲ್ಲಿಸುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಹತ್ತರಲ್ಲಿ ಒಬ್ಬರು ಮೂರು ತಿಂಗಳ ತನಕ ಹೊರಹಾಕಬಹುದು. ವರ್ಷ ದಾಟಿಯೂ ವಾಹಕರಾಗಿ ಉಳಿಯುವವರು ನೂರಕ್ಕೆ ಒಬ್ಬರಿಂದ ಐವರು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಪಿತ್ತಕೋಶದಲ್ಲಿ ಕಲ್ಲಿರುವವರಲ್ಲಿ ಸ್ವಲ್ಪ ಹೆಚ್ಚು. ಎರಡು ತಿಂಗಳಾಗಿದೆ ಎಂದರೆ ಅಪಾಯ ಸಣ್ಣದು, ಸೊನ್ನೆ ಅಲ್ಲ.

ಪರೀಕ್ಷೆ ಎಂದರೆ ಮಲದ ಕಲ್ಚರ್. ಆಂಟಿಬಯಾಟಿಕ್ ಮುಗಿದು ಕನಿಷ್ಠ ಒಂದು ವಾರ ಕಳೆದಿರಬೇಕು, ಇಲ್ಲದಿದ್ದರೆ ಔಷಧದ ಪ್ರಭಾವಕ್ಕೆ ಸುಳ್ಳು ನೆಗೆಟಿವ್ ಬರುತ್ತದೆ. 48 ಗಂಟೆಗಳ ಅಂತರದಲ್ಲಿ ಮೂರು ಸ್ಯಾಂಪಲ್. ಮೂರು ಯಾಕೆ ಎನ್ನುವುದಕ್ಕೆ ಮೇರಿಯ 163ರಲ್ಲಿ 43 ನೆಗೆಟಿವ್‌ಗಳೇ ಉತ್ತರ: ಒಂದೇ ಸಲ ನೋಡಿದ್ದರೆ ನಾಲ್ಕರಲ್ಲಿ ಒಂದು ಸಲ ಆಕೆಯೂ ಪಾರಾಗುತ್ತಿದ್ದಳು. ಸ್ಯಾಂಪಲ್ ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು, ತಡವಾಗುವುದಾದರೆ ಕ್ಯಾರಿ ಬ್ಲೇರ್ ಎಂಬ ಸಾಗಣೆ ದ್ರಾವಣದ ಟ್ಯೂಬನ್ನು ಲ್ಯಾಬ್‌ನಿಂದ ಮೊದಲೇ ತಂದಿಟ್ಟುಕೊಳ್ಳಿ. ಬೆಳಗಿನ ಸ್ಯಾಂಪಲ್ ಮಧ್ಯಾಹ್ನದ ತನಕ ಬಿಸಿಲಲ್ಲಿ ಬ್ಯಾಗಿನಲ್ಲಿದ್ದರೆ ಪರೀಕ್ಷೆ ಮಾಡಿಸಿದ್ದೂ ಬಿಟ್ಟದ್ದೂ ಒಂದೇ. ಖರ್ಚು ನಿಮ್ಮದಿರಲಿ, ಆ ದಿನಗಳ ಸಂಬಳವೂ.

ಪಾಸಿಟಿವ್ ಬಂದರೆ ಫಿಸಿಷಿಯನ್ ಹತ್ತಿರ ಕಳಿಸಿ. ಪಿತ್ತಕೋಶದ ಸ್ಕ್ಯಾನ್ ಮಾಡಿಸುತ್ತಾರೆ, ಕಲ್ಚರ್‌ನಲ್ಲಿ ಯಾವ ಔಷಧ ಕೆಲಸ ಮಾಡುತ್ತದೆ ಎಂದು ನೋಡಿ ಸುಮಾರು ನಾಲ್ಕು ವಾರ ಕೊಡುತ್ತಾರೆ. ಸಿಪ್ರೊಫ್ಲಾಕ್ಸಾಸಿನ್‌ಗೆ ನಮ್ಮಲ್ಲಿ ಪ್ರತಿರೋಧ ಹೆಚ್ಚಿರುವುದರಿಂದ ಅಂಗಡಿಯಿಂದ ನೀವೇ ತಂದುಕೊಡಬೇಡಿ. ಕಲ್ಲಿದ್ದರೆ ಬರೀ ಮಾತ್ರೆಯಿಂದ ಹೋಗುವುದು ಕಷ್ಟ. ಆಗ ಪಿತ್ತಕೋಶ ತೆಗೆಯುವ ಮಾತು ಬರುತ್ತದೆ. ಇವತ್ತು ಅದು ಮೇರಿಯ ಕಾಲದಷ್ಟು ಅಪಾಯದ್ದಲ್ಲ, ಆದರೂ ಅರಿವಳಿಕೆ, ಕೊಯ್ತ, ವಿಶ್ರಾಂತಿ ಎಲ್ಲ ಇರುವ ಶಸ್ತ್ರಚಿಕಿತ್ಸೆಯೇ, ಕಲ್ಲಿನಿಂದ ನೋವೂ ಇದ್ದರೆ ಮಾಡಿಸುವುದು ಸುಲಭದ ತೀರ್ಮಾನ.

ಫಲಿತಾಂಶ ಬರುವ ತನಕ ಮೂರು ದಾರಿಗಳಿವೆ. ಸಂಬಳ ಕೊಟ್ಟು ರಜೆ ಕೊಡಿ, ಅಪಾಯ ಅತಿ ಕಡಿಮೆ. ಇಲ್ಲವೇ ಗುಡಿಸುವುದು, ಬಟ್ಟೆ, ಹೀಗೆ ಊಟಕ್ಕೆ ಕೈ ತಾಗದ ಕೆಲಸ ಕೊಡಿ. ಅಡುಗೆಯೇ ಆಗಬೇಕೆಂದರೆ ಕುದಿಯುವ ಸಾರು, ಹುಳಿ, ಅನ್ನ, ಬಿಸಿಬಿಸಿ ರೊಟ್ಟಿ ಮಾತ್ರ. ಪೀಚ್ ಐಸ್‌ಕ್ರೀಂನ ಜಾಗದಲ್ಲಿ ನಮ್ಮ ಮನೆಯಲ್ಲಿರುವುದು ಕೋಸಂಬರಿ, ಹಸಿ ಕಾಯಿ ಚಟ್ನಿ, ಮೊಸರುಬಜ್ಜಿ, ನೀರು ಬೆರೆಸಿದ ಮಜ್ಜಿಗೆ, ಹೆಚ್ಚಿಟ್ಟ ಹಣ್ಣು, ಕಲಸಿಟ್ಟ ಚಿತ್ರಾನ್ನ. ಇವನ್ನು ಅಮ್ಮ ತಾವೇ ಮಾಡಿಕೊಳ್ಳಲಿ. ಈ ಮೂರನೇ ದಾರಿಯಲ್ಲಿ ಅಪಾಯ ಸ್ವಲ್ಪ ಹೆಚ್ಚು, ಏಕೆಂದರೆ ಬಡಿಸುವಾಗ, ರೊಟ್ಟಿ ಜೋಡಿಸುವಾಗ ಕೈ ತಾಗಿಯೇ ತಾಗುತ್ತದೆ. ಕಕ್ಕಸಿಗೆ ಹೋಗಿ ಬಂದ ಮೇಲೆ ಸೋಪು ಹಚ್ಚಿ ಇಪ್ಪತ್ತು ಸೆಕೆಂಡ್ ಉಜ್ಜುವುದು, ಉಗುರು ಮೋಟಾಗಿ ಕತ್ತರಿಸುವುದು ಇವು ಯಾವತ್ತೂ ಬೇಕು. ಆಕೆಗೆ ನಿಮ್ಮ ಮನೆಯ ಕಕ್ಕಸು, ನೀರು, ಸೋಪು ಬಳಸಲು ಅವಕಾಶ ಇದೆಯೇ ಎಂದು ಒಮ್ಮೆ ವಿಚಾರಿಸಿ. ಎಷ್ಟೋ ಮನೆಗಳಲ್ಲಿ ಇರುವುದಿಲ್ಲ.

ಕೆಲಸದಿಂದ ಬಿಡಿಸುವುದನ್ನು ನಾನು ಯಾಕೆ ಸೂಚಿಸುವುದಿಲ್ಲ ಎಂದರೆ, ಬಿಡಿಸಿದರೆ ಆಕೆ ನಾಳೆ ಇನ್ನೊಂದು ಮನೆಗೆ ಹೋಗುತ್ತಾರೆ, ಟೈಫಾಯ್ಡ್ ಆಗಿತ್ತು ಎಂದು ಅಲ್ಲಿ ಹೇಳುವುದಿಲ್ಲ. ನಿಮ್ಮ ಮನೆಗೆ ಬರುವ ಹೊಸಬರೂ ಹೇಳುವುದಿಲ್ಲ. ಹೇಳಿದ್ದಕ್ಕೆ ಕೆಲಸ ಹೋಗುವುದಿಲ್ಲ ಎಂದು ಗೊತ್ತಿದ್ದರೆ ಮಾತ್ರ ಜನ ಜ್ವರ ಬಂದದ್ದನ್ನು ಹೇಳುತ್ತಾರೆ. ಆಕೆಗೆ ಜ್ವರ ಬಂದದ್ದೂ ಎಲ್ಲಿಂದಲೋ. ಅದು ನಿಮ್ಮ ಬೀದಿಗೂ ಬರುವ ನಲ್ಲಿಯ ನೀರೇ ಆಗಿದ್ದರೆ ಅಡುಗೆಯವರನ್ನು ಬದಲಿಸಿ ಉಪಯೋಗವಿಲ್ಲ. ಊರು ತಲುಪಿದ ಮೇಲೆ ಸಂಪು, ಮೇಲಿನ ಟ್ಯಾಂಕು ತೊಳೆಸಿ, ಕುಡಿಯುವ ನೀರು ಕುದಿಸಿ.

ಲಸಿಕೆಯ ವಿಷಯ: ಭಾರತದಲ್ಲಿ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಸಿಗುತ್ತದೆ, 0.5 ಮಿ.ಲೀ., ಒಂದೇ ಚುಚ್ಚುಮದ್ದು, ಮಕ್ಕಳಿಗೆ ಆರು ತಿಂಗಳಿಂದಲೇ ಕೊಡಬಹುದು. ವಯಸ್ಸಾದವರಿಗೆ ವೈದ್ಯರನ್ನು ಕೇಳಿಯೇ ಹಾಕಿಸಿ. ಆಗಲೇ ವಾಹಕರಾಗಿರುವವರನ್ನು ಅದು ಗುಣಪಡಿಸುವುದಿಲ್ಲ, ಹಾಗಾಗಿ ಅದು ನಿಮ್ಮ ತಂದೆ ತಾಯಿಯವರಿಗೆ, ಅಡುಗೆಯ ಅಕ್ಕನಿಗಲ್ಲ. ನೀವೂ ಮಗನೂ ಊರಿಗೆ ಹೋಗುವವರಿದ್ದರೆ ಅಮೆರಿಕದಲ್ಲಿ ಸಿಗುವ ಟೈಫಾಯ್ಡ್ ಚುಚ್ಚುಮದ್ದನ್ನು ಹೊರಡುವ ಎರಡು ವಾರ ಮುಂಚೆ ಹಾಕಿಸಿಕೊಳ್ಳಿ. ಅದರ ರಕ್ಷಣೆ ಎರಡು ವರ್ಷಕ್ಕೆ ಮುಗಿಯುತ್ತದೆ, ಹಿಂದಿನ ಸಲ ಯಾವಾಗ ಹಾಕಿಸಿದ್ದು ಎಂದು ಈಗಲೇ ನೋಡಿಕೊಳ್ಳಿ.